ಬೆಕ್ಕಿನ ಪಾಲು

ಶ್ರಾದ್ಧದ ದಿನ ಬೆಕ್ಕನ್ನು ಬುಟ್ಟಿಯಡಿ ಮುಚ್ಚುತ್ತಿದ್ದ ಮನೆಯ ಕಥೆಯನ್ನು ಕೇಳದವರು ನಮ್ಮವರಲ್ಲಿ ವಿರಳ. ಎಡೆ ಬಡಿಸುವ ಹೊತ್ತಿಗೆ ಸಾಕಿದ ಬೆಕ್ಕು ಕಾಲಿಗೆ ಅಡ್ಡ ಬರುವುದೆಂದು ಆ ಮನೆಯ ಯಜಮಾನನು ಅದನ್ನು ಬುಟ್ಟಿಯೊಂದರ ಕೆಳಗೆ ಕವುಚಿ ಹಾಕುತ್ತಿದ್ದನಂತೆ. ಅವನ ಕಾಲ ಮುಗಿಯಿತು; ಬೆಕ್ಕಿನ ಕಾಲವೂ ಮುಗಿಯಿತು. ಮುಂದೆ ಮಗನು ತಿಥಿ ಮಾಡುವಾಗ, ಬುಟ್ಟಿಯಡಿ ಮುಚ್ಚುವುದಕ್ಕೆ ಬೆಕ್ಕಿಲ್ಲದೆ ಕರ್ಮಲೋಪವಾದೀತೆಂದು ಹೆದರಿ, ಊರೆಲ್ಲ ಅಲೆದು ಎಲ್ಲಿಂದಲೋ ಒಂದು ಬೆಕ್ಕನ್ನು ಹಿಡಿದು ತಂದನಂತೆ. ಕಾರಣ ಮರೆತುಹೋಗಿ ಆಚಾರ ಮಾತ್ರ ಉಳಿದರೆ ಆಗುವ ಫಜೀತಿಗೆ ಹಿರಿಯರು ಹೇಳುತ್ತ ಬಂದ ದೃಷ್ಟಾಂತವಿದು.

ಬೆಕ್ಕಿಗೆ ನಾವು ಹಾಕುವ ಊಟದ ವಿಷಯದಲ್ಲಿಯೂ ಇಂಥದೇ ಒಂದು ಮರೆವು ನಮ್ಮ ಮನೆಗಳನ್ನು ಹೊಕ್ಕಿದೆಯೆಂದು ತೋರುವುದರಿಂದ, ಈ ತಿಂಗಳ ಪುಟವನ್ನು ಅದಕ್ಕಾಗಿಯೇ ಮೀಸಲಿಟ್ಟಿದ್ದೇವೆ. ದನಕರುಗಳಿಗೆ ಏನು ಹಾಕಬೇಕೆಂದು ಹತ್ತು ಜನರನ್ನು ಕೇಳಿ ತಿಳಿಯುವ ನಾವು, ಬೆಕ್ಕಿನ ವಿಷಯ ಬಂದಾಗ ‘ನಾವು ಉಂಡದ್ದರಲ್ಲಿ ಒಂದು ತುತ್ತು ಅದಕ್ಕೂ’ ಎಂದು ಸುಮ್ಮನಾಗುತ್ತೇವೆ. ಆ ಒಂದು ತುತ್ತಿನಲ್ಲಿ ಪ್ರೀತಿಯಿದೆ, ಸಂದೇಹವಿಲ್ಲ. ಆದರೆ ಪ್ರೀತಿಯ ತುತ್ತೆಲ್ಲವೂ ಹಿತವಾದ ತುತ್ತಾಗಿರಬೇಕೆಂದಿಲ್ಲ.

ಕಾಸರಗೋಡಿನ ಬೆಕ್ಕಿಗೆ ಹೆಸರುಗಳಿಗೇನೂ ಕೊರತೆಯಿಲ್ಲ. ಕನ್ನಡದ ಮನೆಯಲ್ಲಿ ಅದು ಬೆಕ್ಕು, ತುಳುವರ ಬಾಯಲ್ಲಿ ಪುಚ್ಚೆ, ಮಲಯಾಳದಲ್ಲಿ ಪೂಚ್ಚ, ಕೊಂಕಣಿಗರಿಗೆ ಮಾಜ್ಜರ. ಒಂದೇ ಬೇಲಿಯ ಆಚೀಚೆ ಇರುವ ನಾಲ್ಕು ಮನೆಗಳಲ್ಲಿ ನಾಲ್ಕು ಹೆಸರುಗಳಿಗೂ ಓಗೊಟ್ಟು, ನಾಲ್ಕು ಅಡುಗೆಗಳ ರುಚಿಯನ್ನೂ ನೋಡಿ ಬರುವ ಪ್ರಾಣಿ ಅದೊಂದೇ ಇರಬೇಕು. ಒಂದು ಕಡೆ ಹಾಲನ್ನ, ಇನ್ನೊಂದು ಕಡೆ ಬೂತಾಯಿಯ ತಲೆ, ಮತ್ತೊಂದು ಕಡೆ ಗಂಜಿಯ ತಳದ ಅಗುಳು. ಹೀಗೆ ಅದರ ದಿನಚರಿ ಸಾಗುತ್ತಿತ್ತು.

ಸಸ್ಯಾಹಾರಿಗಳ ಮನೆಯಲ್ಲಂತೂ ಅಜ್ಜಿಯಂದಿರು ಗೆರಟೆಯಲ್ಲಿ ಒಂದು ಹಿಡಿ ಅನ್ನ ಕಲಸಿ, ಮೇಲೆ ಎರಡು ಚಮಚ ಹಾಲನ್ನೋ ಮಜ್ಜಿಗೆಯನ್ನೋ ಹೊಯ್ದು, ಅಡುಗೆಮನೆಯ ಹೊರಬಾಗಿಲಲ್ಲಿ ಇಡುತ್ತಿದ್ದರು. ಅದನ್ನು ಉಂಡ ಬೆಕ್ಕು ವರುಷಗಟ್ಟಲೆ ಬದುಕಿ, ಮರಿಗಳನ್ನೂ ಹಾಕಿ, ಮನೆಯ ಮಕ್ಕಳ ಜತೆಗೇ ಮುದಿಯಾಗುತ್ತಿತ್ತು. ‘ಆಗ ಆಗದ ಅಪಾಯ ಈಗೇಕೆ ಆಗಬೇಕು?’ ಎಂದು ಹಲವರು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರವನ್ನು ಗೆರಟೆಯಲ್ಲಿ ಹುಡುಕಿದರೆ ಸಿಗದು. ಅಟ್ಟದ ಮೇಲೆ ಹುಡುಕಬೇಕು.

ಅಂದಿನ ಮನೆಗಳ ಅಟ್ಟದಲ್ಲಿ ಅಕ್ಕಿಯ ಮುಡಿಗಳಿದ್ದುವು. ಹಿತ್ತಿಲಲ್ಲಿ ಬೈಹುಲ್ಲಿನ ರಾಶಿಯಿತ್ತು. ಕೊಟ್ಟಿಗೆಯ ಮಾಡು ಮುಳಿಹುಲ್ಲಿನದಾಗಿತ್ತು. ಇಲಿ, ಹಲ್ಲಿ, ಓತಿಕೇತ, ಮಿಡತೆಗಳಿಗೆ ಅಲ್ಲೆಲ್ಲ ಬರವಿರಲಿಲ್ಲ. ಬೆಕ್ಕು ರಾತ್ರಿಯಿಡೀ ತನ್ನ ಊಟವನ್ನು ತಾನೇ ಸಂಪಾದಿಸಿಕೊಂಡು, ಬೆಳಗ್ಗೆ ಬಂದು ಅಜ್ಜಿಯ ಹಾಲನ್ನವನ್ನು ಫಲಾಹಾರದಂತೆ ನೆಕ್ಕಿ ಹೋಗುತ್ತಿತ್ತು. ನಾವು ಅದನ್ನೇ ಅದರ ಊಟವೆಂದು ತಿಳಿದೆವು. ಇಲಿಯೇ ಊಟವಾಗಿತ್ತು, ಹಾಲನ್ನವು ನೆಂಚಿಕೆಯಾಗಿತ್ತು.

ಇಂದು ಮುಳಿಮಾಡು ಹೋಗಿ ತಾರಸಿ ಬಂದಿದೆ. ಗದ್ದೆಗಳೆಷ್ಟೋ ಅಡಕೆ ತೋಟಗಳಾಗಿವೆ. ಅಕ್ಕಿ ಅಂಗಡಿಯಿಂದ ಚೀಲದಲ್ಲಿ ಬಂದು ಡಬ್ಬಿಯನ್ನು ಸೇರುತ್ತದೆ. ಕಿಟಕಿಗಳಿಗೆ ಜಾಲರಿ ಬಿದ್ದಿದೆ. ಪೇಟೆಯ ಮಹಡಿಮನೆಗಳಲ್ಲಿ ಬೆಕ್ಕು ಹೊರಗೆ ಕಾಲಿಡುವುದೇ ಇಲ್ಲ. ತೋಟದ ಮನೆಯಲ್ಲಿಯೂ ಇಲಿಗೆ ಪಾಷಾಣವಿಡುವ ರೂಢಿ ಬಂದಿದೆ. ಪಾಷಾಣ ತಿಂದ ಇಲಿಯನ್ನು ಹಿಡಿದ ಬೆಕ್ಕೂ ಸಾಯಬಹುದೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಒಟ್ಟಿನಲ್ಲಿ ಬೆಕ್ಕಿನ ನಿಜವಾದ ಊಟವನ್ನು ನಾವು ನಿಲ್ಲಿಸಿದ್ದೇವೆ. ನೆಂಚಿಕೆಯನ್ನು ಮಾತ್ರ ಮುಂದುವರಿಸಿದ್ದೇವೆ. ಬುಟ್ಟಿಯ ಕಥೆ ನೆನಪಾಗುವುದು ಇದಕ್ಕಾಗಿಯೇ.

ಮನುಷ್ಯನ ಬಳಿಗೆ ಬೆಕ್ಕು ಬಂದುದಾದರೂ ನಮ್ಮ ಅನ್ನದಾಸೆಗಲ್ಲ. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಸಮಾಧಿಯೊಂದರ ಪಕ್ಕದಲ್ಲೇ ಹೂಳಿದ್ದ, ಸುಮಾರು 9500 ವರುಷಗಳಷ್ಟು ಹಳೆಯ ಬೆಕ್ಕಿನ ಅಸ್ಥಿಪಂಜರವೊಂದರ ವಿವರವನ್ನು 2004ರಲ್ಲಿ ಫ್ರಾನ್ಸಿನ ಪುರಾತತ್ತ್ವಜ್ಞರು ಪ್ರಕಟಿಸಿದರು. ಮನುಷ್ಯನು ಬೇಸಾಯ ಕಲಿತು ಧಾನ್ಯವನ್ನು ಕೂಡಿಡತೊಡಗಿದ ಕಾಲವದು. ಧಾನ್ಯವನ್ನು ಅರಸಿ ಇಲಿ ಬಂತು. ಇಲಿಯನ್ನು ಅರಸಿ ಬೆಕ್ಕು ಬಂತು. ನಾಯಿಯಾದರೋ ಮನುಷ್ಯನ ಎಂಜಲನ್ನು ತಿನ್ನುತ್ತ ಅವನ ಅಡುಗೆಗೆ ಬಹುಮಟ್ಟಿಗೆ ಹೊಂದಿಕೊಂಡಿತು. ಬೆಕ್ಕು ಹಾಗಲ್ಲ. ಇಷ್ಟು ಸಾವಿರ ವರುಷ ನಮ್ಮ ಒಲೆಯ ಬುಡದಲ್ಲಿ ಮಲಗಿದ್ದರೂ ಅದರ ಹೊಟ್ಟೆ ಕಾಡಿನ ಬೆಕ್ಕಿನ ಹೊಟ್ಟೆಯಾಗಿಯೇ ಉಳಿದಿದೆ.

ತಮಿಳುನಾಡಿನ ಮಾಮಲ್ಲಪುರಕ್ಕೆ ಹೋದವರು, ಪಲ್ಲವರು ಏಳನೆಯ ಶತಮಾನದಲ್ಲಿ ಕೆತ್ತಿಸಿದ ಮಹಾಶಿಲಾಪಟ್ಟದಲ್ಲಿ ಮುಂಗಾಲುಗಳನ್ನು ಮೇಲೆತ್ತಿ ತಪಸ್ಸು ಮಾಡುವ ಬೆಕ್ಕೊಂದನ್ನು ನೋಡಿರಬಹುದು. ಅದರ ಸುತ್ತ ಇಲಿಗಳು ನಿಶ್ಚಿಂತೆಯಿಂದ ಓಡಾಡುತ್ತಿವೆ. ಪಂಚತಂತ್ರದಲ್ಲಿಯೂ ಧರ್ಮ ಹೇಳುವ ಬೆಕ್ಕು ಕೊನೆಗೆ ಮಾಡಿದುದೇನೆಂಬುದು ಮಕ್ಕಳಿಗೂ ಗೊತ್ತು. ಬೆಕ್ಕು ಸನ್ಯಾಸಿಯಾಗಲಾರದೆಂಬುದನ್ನು ಹಿಂದಿನವರು ನಗುತ್ತಲೇ ತಿಳಿದಿದ್ದರು. ಅದು ಬೆಕ್ಕಿನ ಕಪಟವಲ್ಲ, ಶರೀರಧರ್ಮ ಎಂಬುದನ್ನು ವಿಜ್ಞಾನ ಕಳೆದ ಐವತ್ತು ವರುಷಗಳಲ್ಲಿ ವಿವರಿಸಿ ತೋರಿಸಿದೆ.

ಟಾರಿನ್ ಎಂಬುದೊಂದು ವಸ್ತುವಿದೆ. ಜರ್ಮನಿಯ ವಿಜ್ಞಾನಿಗಳು 1827ರಲ್ಲಿ ಅದನ್ನು ಎತ್ತಿನ ಪಿತ್ತರಸದಿಂದ ಬೇರ್ಪಡಿಸಿದರು. ಲ್ಯಾಟಿನ್ ಭಾಷೆಯಲ್ಲಿ ಹೋರಿಗೆ ಟಾರಸ್ ಎಂದು ಹೆಸರಿರುವುದರಿಂದ ಅದಕ್ಕೆ ಈ ಹೆಸರು ಬಂತು. ಕಣ್ಣಿನ ಅಕ್ಷಿಪಟಕ್ಕೂ ಹೃದಯದ ಸ್ನಾಯುವಿಗೂ ಇದು ಬೇಕು. ನಮ್ಮ ಶರೀರ ಇದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ಶರೀರದಲ್ಲಿ ಆ ಶಕ್ತಿ ತೀರಾ ಅಲ್ಪ. ಸಾಲದ್ದಕ್ಕೆ ಅದರ ಪಿತ್ತರಸಕ್ಕೆ ಟಾರಿನ್ ಅಲ್ಲದೆ ಬೇರೊಂದು ವಸ್ತು ಒಗ್ಗದಿರುವುದರಿಂದ, ಇದ್ದುದರಲ್ಲಿಯೂ ದಿನದಿನ ಒಂದಿಷ್ಟು ಸೋರಿಹೋಗುತ್ತಲೇ ಇರುತ್ತದೆ. ಸೋರಿದ್ದನ್ನು ಆಹಾರದಿಂದಲೇ ತುಂಬಿಕೊಳ್ಳಬೇಕು. ಮಾಂಸದಲ್ಲಿ, ಮೀನಿನಲ್ಲಿ, ಇಲಿಯಲ್ಲಿ ಅದು ಬೇಕಾದಷ್ಟಿದೆ. ಹಾಲಿನಲ್ಲಿ ಅತ್ಯಲ್ಪ. ಅನ್ನದಲ್ಲಿ, ಬೇಳೆಯಲ್ಲಿ, ತರಕಾರಿಯಲ್ಲಿ ಇಲ್ಲವೆಂದೇ ಹೇಳಬೇಕು.

ಅಮೆರಿಕದ ಕೆ. ಸಿ. ಹೇಸ್ ಎಂಬವರೂ ಅವರ ಸಂಗಡಿಗರೂ 1975ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನಮ್ಮ ಹಾಲನ್ನದ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಹಾಲಿನಲ್ಲಿರುವ ಕೇಸೀನ್ ಎಂಬ ಸಸಾರಜನಕವನ್ನೇ ಆಧಾರವಾಗಿಟ್ಟುಕೊಂಡ ಆಹಾರವನ್ನು ಬೆಕ್ಕುಗಳಿಗೆ ಕೊಡುತ್ತ ಬಂದಾಗ, ಅವುಗಳ ರಕ್ತದಲ್ಲಿ ಟಾರಿನ್ ಕುಗ್ಗಿ, ಅಕ್ಷಿಪಟ ನಶಿಸತೊಡಗಿತು. ಮುಂದೆ 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಪಾಲ್ ಪಿಯಾನ್ ಮತ್ತು ಸಂಗಡಿಗರು, ಹೃದಯ ಹಿಗ್ಗಿ ಸೋತುಹೋಗಿದ್ದ ಬೆಕ್ಕುಗಳಿಗೆ ಟಾರಿನ್ ಕೊಟ್ಟಾಗ ಅವು ಚೇತರಿಸಿಕೊಂಡುದನ್ನು ತೋರಿಸಿಕೊಟ್ಟರು. ಡಬ್ಬಿಯಲ್ಲಿ ಮಾರಾಟವಾಗುತ್ತಿದ್ದ ಬೆಕ್ಕಿನ ಆಹಾರಗಳಲ್ಲಿಯೂ ಅದು ಸಾಲುತ್ತಿರಲಿಲ್ಲವೆಂಬುದು ಆಗಲೇ ತಿಳಿದುಬಂದುದು. ಬಳಿಕ ತಯಾರಕರು ಅದರ ಪ್ರಮಾಣವನ್ನು ಹೆಚ್ಚಿಸಿದರು. ಹೃದಯವೇನೋ ಸಕಾಲದಲ್ಲಿ ನೋಡಿಕೊಂಡರೆ ಸರಿಯಾದೀತು. ಹೋದ ಕಣ್ಣು ಮಾತ್ರ ಮರಳಿ ಬರುವುದಿಲ್ಲ. ಮುದಿ ಬೆಕ್ಕು ಕಂಬಕ್ಕೆ ಹಾಯುವುದನ್ನು ಕಂಡು ‘ವಯಸ್ಸಾಯಿತು’ ಎನ್ನುತ್ತೇವಲ್ಲ, ಅವುಗಳಲ್ಲಿ ಕೆಲವಾದರೂ ಹಾಲನ್ನದ ಕುರುಡಿಗೆ ತುತ್ತಾದವುಗಳಾಗಿರಲಾರವೇ?

ಕ್ಯಾರೆಟ್, ಪಪ್ಪಾಯಿ, ನುಗ್ಗೆಸೊಪ್ಪುಗಳಿಂದ ನಮ್ಮ ಶರೀರ ಎ ಜೀವಸತ್ತ್ವವನ್ನು ಮಾಡಿಕೊಳ್ಳುತ್ತದೆ. ಬೆಕ್ಕಿಗೆ ಅದೂ ಸಾಧ್ಯವಿಲ್ಲ. ಅದಕ್ಕೆ ಪ್ರಾಣಿಜನ್ಯವಾದ ಎ ಜೀವಸತ್ತ್ವವೇ ಬೇಕು. ಹಾಗೆಂದು ದಿನವೂ ಪಿತ್ತಕೋಶದ ಮಾಂಸವನ್ನೇ, ಅಂದರೆ ಲಿವರನ್ನೇ, ಹಾಕಿದರೆ ಎ ಜೀವಸತ್ತ್ವ ಮಿತಿಮೀರಿ ಕತ್ತಿನ ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡುಬಿಡುತ್ತವೆ. ವಾರಕ್ಕೊಮ್ಮೆ ಒಂದು ಸಣ್ಣ ತುಂಡು ಸಾಕು.

ಇನ್ನು ಹಾಲಿನ ಮಾತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಗಾದೆ ನಮಗೆ ಅಂಗನವಾಡಿಯ ಮಕ್ಕಳಿದ್ದಾಗಿನಿಂದಲೂ ಬಾಯಿಪಾಠ. ಆದರೆ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಮರಿಗೆ ತಾಯಿಹಾಲು ಬಿಟ್ಟ ಬಳಿಕ ಕುಗ್ಗುತ್ತ ಹೋಗುತ್ತದೆ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನಿಂದ ಹೊಟ್ಟೆ ಕೆಡುತ್ತದೆ. ಬೆಕ್ಕಿಗೆ ಸಿಹಿಯ ಅರಿವೇ ಇಲ್ಲವೆಂಬುದೂ ಗಮನಿಸತಕ್ಕ ಸಂಗತಿ. ಸಿಹಿಯನ್ನು ಗುರುತಿಸುವ ಜೀನ್ ಅದರಲ್ಲಿ ಕೆಟ್ಟುಹೋಗಿದೆಯೆಂದು ಅಮೆರಿಕದ ಮೊನೆಲ್ ಸಂಶೋಧನ ಕೇಂದ್ರದವರು 2005ರಲ್ಲಿ ಕಂಡುಹಿಡಿದರು. ಪಾಯಸದ ಪಾತ್ರೆಗೆ ಅದು ಮುಗಿಬೀಳುವುದು ಬೆಲ್ಲದ ಆಸೆಗಲ್ಲ, ತುಪ್ಪ ಮತ್ತು ಕೆನೆಯ ಪರಿಮಳಕ್ಕೆ. ನೀರು ಬೆರೆಸಿದ ಒಂದು ಚಮಚ ಮೊಸರು ಹಾಲಿಗಿಂತ ಲೇಸು. ಹಾಲು ಕುಡಿದೂ ಹೊಟ್ಟೆ ಕೆಡದ ಬೆಕ್ಕಾದರೆ ಒಂದೆರಡು ಚಮಚ ಕೊಡಬಹುದು. ಆದರೆ ಅದನ್ನು ಊಟವೆಂದು ಲೆಕ್ಕಕ್ಕೆ ಹಿಡಿಯಬಾರದು, ನೀರಿನ ಬದಲಿಗೂ ಇಡಬಾರದು.

ಪ್ರಮಾಣದ ವಿಷಯದಲ್ಲಿ ನಮಗೆ ಅಂದಾಜು ತಪ್ಪುವುದು ಬೆಕ್ಕಿನ ತೂಕವನ್ನು ಮರೆಯುವುದರಿಂದ. ನಮ್ಮ ಊರಬೆಕ್ಕು ಸಾಮಾನ್ಯವಾಗಿ ಮೂರು ಕಿಲೋದ ಪ್ರಾಣಿ. 60 ಕಿಲೋದ ಮನುಷ್ಯನ ಇಪ್ಪತ್ತನೆಯ ಒಂದು ಪಾಲು. ಅದಕ್ಕೆ ದಿನಕ್ಕೆ ಬೇಕಾದುದು ಸುಮಾರು 180 ಕ್ಯಾಲೊರಿ. 100 ಮಿಲಿಲೀಟರ್ ದನದ ಹಾಲಿನಲ್ಲಿ ಸುಮಾರು 65 ಕ್ಯಾಲೊರಿಯಿದೆ. ಒಂದು ಇಡ್ಲಿಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಪ್ರೀತಿಯಿಂದ ಹಾಕಿದ ಒಂದೇ ಒಂದು ಇಡ್ಲಿ ಅದರ ದಿನದ ಊಟದ ಮೂರನೆಯ ಒಂದು ಪಾಲನ್ನು ನುಂಗಿಬಿಡುತ್ತದೆ. ಅದಕ್ಕೆ ನಿಜವಾಗಿ ಬೇಕಾದುದಕ್ಕೆ ಹೊಟ್ಟೆಯಲ್ಲಿ ಜಾಗವೇ ಉಳಿಯುವುದಿಲ್ಲ. ನಮ್ಮ ತಟ್ಟೆಯಿಂದ ಕೊಡುವ ತಿಂಡಿಯೆಲ್ಲ ಕೂಡಿ ಅದರ ಆಹಾರದ ಹತ್ತನೆಯ ಒಂದು ಪಾಲನ್ನು ಮೀರಬಾರದೆಂದು ಪಶುವೈದ್ಯರು ಹೇಳುವುದು ಈ ಲೆಕ್ಕದಿಂದಲೇ. ಅನ್ನ ವಿಷವಲ್ಲ, ಬೇಯಿಸಿದ ಅನ್ನವನ್ನು ಬೆಕ್ಕು ಜೀರ್ಣಿಸಿಕೊಳ್ಳುತ್ತದೆ. ಒಂದೆರಡು ಚಮಚ ಕುಚ್ಚಲಕ್ಕಿಯ ಅನ್ನವನ್ನು ಮೀನಿನೊಡನೆ ಬೆರೆಸಬಹುದು. ಅನ್ನದೊಡನೆ ಮೀನಲ್ಲ, ಮೀನಿನೊಡನೆ ಅನ್ನ ಎಂಬುದನ್ನು ಮಾತ್ರ ನೆನಪಿಡಬೇಕು.

ಇಲ್ಲಿಯ ತನಕ ಹೇಳಿದುದು ನಿಧಾನವಾಗಿ ಕೆಡುಕು ಮಾಡುವ ಊಟ. ಬೇಗನೆ ಕೆಡುಕು ಮಾಡುವವುಗಳೂ ನಮ್ಮ ಅಡುಗೆಮನೆಯಲ್ಲಿವೆ. ಅವುಗಳಲ್ಲಿ ಮೊದಲನೆಯದು ನೀರುಳ್ಳಿ, ಎರಡನೆಯದು ಬೆಳ್ಳುಳ್ಳಿ. ಇವುಗಳಲ್ಲಿರುವ ಗಂಧಕದ ಸಂಯುಕ್ತಗಳು ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ನಮ್ಮ ರಕ್ತದ ಹಿಮೋಗ್ಲೋಬಿನ್ನಿನಲ್ಲಿ ಇಂಥ ಆಘಾತಕ್ಕೆ ಸಿಕ್ಕುವ ಜಾಗಗಳು ಎರಡಾದರೆ, ನಾಯಿಯದರಲ್ಲಿ ನಾಲ್ಕು, ಬೆಕ್ಕಿನದರಲ್ಲಿ ಎಂಟು. ಬೆಕ್ಕಿನ ತೂಕದ ಒಂದು ಕಿಲೋಗೆ ಐದು ಗ್ರಾಂ ನೀರುಳ್ಳಿ ಹೊಟ್ಟೆಗೆ ಹೋದರೂ ರಕ್ತ ಕೆಡಬಲ್ಲದು. ಮೂರು ಕಿಲೋದ ಬೆಕ್ಕಿಗೆ ಹದಿನೈದು ಗ್ರಾಂ, ಅಂದರೆ ಒಂದು ಸಣ್ಣ ನೀರುಳ್ಳಿಯ ತುಂಡು. ಬೇಯಿಸಿದರೂ ಹುರಿದರೂ ಒಣಗಿಸಿ ಪುಡಿ ಮಾಡಿದರೂ ಈ ಗುಣ ಹೋಗುವುದಿಲ್ಲ. ಬೆಳ್ಳುಳ್ಳಿ ಇನ್ನೂ ತೀಕ್ಷ್ಣ. ಆದುದರಿಂದ ಮೀನಿನ ಸಾರು ಕಲಸಿದ ಅನ್ನ, ಕೋಳಿಯ ಪದಾರ್ಥದ ರಸ, ಬೆಳ್ಳುಳ್ಳಿ ಒಗ್ಗರಣೆ ಬಿದ್ದ ಕೊದ್ದೆಲ್, ಬಿರಿಯಾನಿಯ ಎಂಜಲು ಇವು ಯಾವುವೂ ಬೆಕ್ಕಿಗೆ ಸಲ್ಲವು. ತಿಂದ ದಿನವೇ ಏನೂ ಕಾಣಿಸದಿರಬಹುದು. ಎರಡು ಮೂರು ದಿನ ಕಳೆದು ಒಸಡು ಬಿಳಿಚಿಕೊಂಡು, ಮೂತ್ರ ಕಪ್ಪಗಾಗಿ, ಏದುಸಿರು ಬಂದಾಗ, ಅದು ಮೊನ್ನೆಯ ಸಾರಿನ ಫಲವೆಂದು ಯಾರಿಗೂ ಹೊಳೆಯುವುದಿಲ್ಲ.

ಇದೇ ರಕ್ತದ ದೌರ್ಬಲ್ಯದಿಂದಾಗಿ ಇನ್ನೊಂದು ಅನಾಹುತವೂ ಆಗುತ್ತದೆ. ಬೆಕ್ಕಿಗೆ ಜ್ವರವೆಂದು ತಾವು ನುಂಗುವ ಪ್ಯಾರಾಸಿಟಮಾಲ್ ಗುಳಿಗೆಯನ್ನು ಅರ್ಧ ಮಾಡಿ ಮೀನಿನಲ್ಲಿ ಅಡಗಿಸಿ ಕೊಡುವವರಿದ್ದಾರೆ. ಅದು ಮದ್ದಲ್ಲ, ಮರಣ. ಒಂದೇ ಗುಳಿಗೆ ಬೆಕ್ಕಿನ ಪ್ರಾಣ ತೆಗೆಯುವುದಕ್ಕೆ ಸಾಕು. ಮಕ್ಕಳು ಪ್ರೀತಿಯಿಂದ ಚಾಕಲೇಟು ಹಂಚುವುದು, ತಳದಲ್ಲಿ ಉಳಿದ ಕಾಫಿಯನ್ನು ನೆಕ್ಕಲು ಬಿಡುವುದು, ಹಬ್ಬದ ದಿನ ತಮಾಷೆಗೆಂದು ಕಳ್ಳು ಕುಡಿಸುವುದು ಇವೆಲ್ಲವೂ ವರ್ಜ್ಯ. ದ್ರಾಕ್ಷಿ, ಒಣದ್ರಾಕ್ಷಿಗಳನ್ನೂ ದೂರವಿಡುವುದು ಕ್ಷೇಮ.

ಮೀನು ಬೆಕ್ಕಿಗೆ ಹಿತವೆಂಬ ಮಾತಿನಲ್ಲಿ ಸತ್ಯವಿದೆ, ಆದರೆ ಒಂದು ಷರತ್ತಿನೊಡನೆ. ಬೂತಾಯಿಯ ಬಳಗಕ್ಕೆ ಸೇರಿದ ಹಲವು ಮೀನುಗಳ ಹಸಿ ಮಾಂಸದಲ್ಲಿ ಬಿ-1 ಜೀವಸತ್ತ್ವವನ್ನು ನಾಶಮಾಡುವ ವಸ್ತುವೊಂದಿದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ತುಪ್ಪಳಕ್ಕಾಗಿ ಸಾಕಿದ ನರಿಗಳಿಗೆ ಹಸಿ ಮೀನು ಹಾಕಿ ಹಾಕಿ ಅವು ಪಾರ್ಶ್ವವಾಯು ಬಡಿದಂತೆ ಬಿದ್ದು ಸತ್ತುವು. ಈ ವಸ್ತುವಿನ ಸುಳಿವು ಸಿಕ್ಕಿದ್ದು ಅಲ್ಲಿಂದಲೇ. ಬೆಕ್ಕಿಗೂ ಅದೇ ಗತಿ. ಮೊದಲು ಊಟ ಬಿಡುತ್ತದೆ, ನಡೆ ತೂರಾಡುತ್ತದೆ, ಬಳಿಕ ತಲೆ ಎತ್ತಲಾರದೆ ಗದ್ದವನ್ನು ಎದೆಗೆ ಒತ್ತಿಕೊಂಡು ಕುಳಿತುಬಿಡುತ್ತದೆ. ಸಮಾಧಾನದ ಸಂಗತಿಯೆಂದರೆ, ಚೆನ್ನಾಗಿ ಬೇಯಿಸಿದರೆ ಈ ವಸ್ತು ನಾಶವಾಗುತ್ತದೆ. ಹಾಗೆಯೇ ಎಣ್ಣೆಯ ಮೀನನ್ನೇ ದಿನವೂ ಹಾಕಿದರೆ ಇ ಜೀವಸತ್ತ್ವದ ಕೊರತೆಯಿಂದ ಚರ್ಮದಡಿಯ ಕೊಬ್ಬು ಗಟ್ಟಿಯಾಗಿ, ಮುಟ್ಟಿದರೆ ನೋಯುವ ರೋಗವೊಂದು ಬರುತ್ತದೆ. ಮೀನು ಇರಲಿ, ಮೀನೇ ಎಲ್ಲವೂ ಆಗದಿರಲಿ.

ಮೀನಾಗಲಿ ಕೋಳಿಯಾಗಲಿ, ಹಸಿಯಾಗಿ ಕೊಟ್ಟರೆ ಬೆಕ್ಕಿನ ಮೂಲಕ ಮನೆಯವರಿಗೂ ರೋಗಾಣುಗಳು ತಗಲಬಹುದು. ಗರ್ಭಿಣಿಯರಿರುವ ಮನೆಯಲ್ಲಿ ಇದನ್ನು ಹಗುರವಾಗಿ ಕಾಣಬಾರದು. 2024ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಹೈನುಮನೆಗಳಲ್ಲಿ ಹಕ್ಕಿಜ್ವರ ತಗಲಿದ ಹಸುಗಳ ಹಸಿ ಹಾಲನ್ನು ಕುಡಿದ ಬೆಕ್ಕುಗಳು ಸತ್ತುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಬೆಂಕಿ ಕಂಡ ಆಹಾರವೇ ಸುರಕ್ಷಿತ.

ಹಾಗಾದರೆ ಬೆಕ್ಕಿಗೆ ಕೊಡುವುದು ಹೇಗೆ? ನಮ್ಮ ಹಿರಿಯರಿಗೆ ಗೋಗ್ರಾಸವನ್ನು ತೆಗೆದಿಟ್ಟು ಬಳಿಕ ಉಣ್ಣುವ ಕ್ರಮವಿತ್ತು. ತಮ್ಮ ಊಟ ಮುಗಿದ ಮೇಲೆ ಉಳಿದುದನ್ನಲ್ಲ, ಮೊದಲೇ ತೆಗೆದುದನ್ನು ಅವರು ಕೊಡುತ್ತಿದ್ದರು. ಬೆಕ್ಕಿನ ಪಾಲನ್ನೂ ಹಾಗೆಯೇ ಮೊದಲು ತೆಗೆಯಬೇಕು. ಮೀನು ತೊಳೆದಾದ ಬಳಿಕ, ಉಪ್ಪು ಹುಳಿ ಖಾರ ನೀರುಳ್ಳಿ ಬೀಳುವ ಮೊದಲು, ಅದರ ಪಾಲಿನ ಒಂದೆರಡು ತುಂಡುಗಳನ್ನು ಬೇರೆ ಪಾತ್ರೆಯಲ್ಲಿ ಬರಿಯ ನೀರಿನಲ್ಲಿ ಬೇಯಿಸಿ, ಮುಳ್ಳು ಬಿಡಿಸಿ, ಆರಿಸಿ ಇಡಬೇಕು. ಬೇಯಿಸಿದ ನೀರನ್ನು ಚೆಲ್ಲಬಾರದು. ಟಾರಿನ್ ನೀರಿನಲ್ಲಿ ಕರಗುವುದರಿಂದ ಅದರ ಬಹುಭಾಗ ಆ ನೀರಿಗೆ ಇಳಿದಿರುತ್ತದೆ. ಕೋಳಿಯಾದರೆ ಎದೆಯ ಬಿಳಿ ಮಾಂಸಕ್ಕಿಂತ ತೊಡೆಯ ಮಾಂಸವೂ ಗುಂಡಿಗೆಯೂ ಲೇಸು. ಬೇಯಿಸಿದ ಕೋಳಿಮೂಳೆ ಸೀಳಿ ಸೂಜಿಯಂತಾಗಿ ಕರುಳನ್ನು ಚುಚ್ಚುವುದರಿಂದ ಅದನ್ನು ಹಾಕಲೇಬಾರದು. ಮರುವಾಯಿಯನ್ನು ಬೇಯಿಸುವ ಮನೆಯವರು ಅದರ ನಾಲ್ಕು ಮಾಂಸದ ತುಣುಕುಗಳನ್ನು ಮಸಾಲೆಗೆ ಮೊದಲೇ ಎತ್ತಿಟ್ಟರೆ, ಟಾರಿನ್ನಿಗೆ ಅದಕ್ಕಿಂತ ಮಿಗಿಲಾದುದು ಕಡಮೆ. ಮೊಟ್ಟೆಯನ್ನು ಬೇಯಿಸಿಯೇ ಕೊಡತಕ್ಕದ್ದು. ಹಸಿ ಬಿಳಿಭಾಗ ಬಯೋಟಿನ್ ಎಂಬ ಜೀವಸತ್ತ್ವವನ್ನು ಕಟ್ಟಿಹಾಕುತ್ತದೆ.

ಮಳೆಗಾಲದಲ್ಲಿ ಕೇರಳದ ಕರಾವಳಿಯಲ್ಲಿ ಜೂನ್ ಜುಲೈ ತಿಂಗಳುಗಳ 52 ದಿನ ಟ್ರಾಲಿಂಗ್ ನಿಷೇಧವಿರುತ್ತದೆ. ಹಸಿ ಮೀನು ತುಟ್ಟಿ, ಒಣಮೀನು ಸುಲಭ. ಉಪ್ಪು ಹಾಕಿದ ಒಣಮೀನಿನ ಒಂದು ತುಂಡು ನಮಗೆ ರುಚಿ, ಬೆಕ್ಕಿನ ಮೂತ್ರಪಿಂಡಕ್ಕೆ ಹೊರೆ. ಹಪ್ಪಳ, ಉಪ್ಪಿನಕಾಯಿಗಳಿಗೂ ಇದೇ ಮಾತು. ನಮ್ಮ ಸೆಕೆಯಲ್ಲಿ ತೇವದ ಆಹಾರ ಬಹುಬೇಗ ಹಳಸುವುದರಿಂದ, ಬೆಕ್ಕು ಬಿಟ್ಟುಹೋದುದನ್ನು ಗಂಟೆಯೊಳಗೆ ತೆಗೆದು ತಟ್ಟೆಯನ್ನು ತೊಳೆಯಬೇಕು. ಒಂದು ಚುಂಡಿಲಿಯಲ್ಲಿರುವುದು ಸುಮಾರು 30 ಕ್ಯಾಲೊರಿ; ಅಂಥ ಆರೇಳು ಸಣ್ಣ ಊಟಗಳಿಗೆ ಸೃಷ್ಟಿಯಾದ ಹೊಟ್ಟೆಯದು. ಆದುದರಿಂದ ಒಮ್ಮೆಗೇ ರಾಶಿ ಹಾಕದೆ ಮೂರು ನಾಲ್ಕು ಸಲವಾಗಿ ಕೊಡುವುದು ಮೇಲು. ನೀರಿನ ಬಟ್ಟಲನ್ನು ಊಟದಿಂದ ಸ್ವಲ್ಪ ದೂರ ಇಟ್ಟು ದಿನವೂ ಬದಲಿಸಬೇಕು.

ಈಗ ಅತ್ಯಂತ ಸೂಕ್ಷ್ಮವಾದ ಪ್ರಶ್ನೆಗೆ ಬರುತ್ತೇವೆ. ಮೀನು ಮಾಂಸಗಳನ್ನು ಒಳಗೆ ತರದ ಮನೆಯವರು ಏನು ಮಾಡಬೇಕು? ಅವರ ಆಚಾರವನ್ನು ಬಿಡಿರೆಂದು ಹೇಳುವ ಅಧಿಕಾರ ನಮಗಿಲ್ಲ, ಹೇಳುವ ಮನಸ್ಸೂ ಇಲ್ಲ. ಮನುಷ್ಯನು ತನ್ನ ಆಹಾರವನ್ನು ಆರಿಸಿಕೊಳ್ಳಬಲ್ಲ. ಆ ಆಯ್ಕೆಯೇ ಅವನ ವ್ರತದ ಹಿರಿಮೆ. ಬೆಕ್ಕಿಗೆ ಆಯ್ಕೆಯಿಲ್ಲದ ಮೇಲೆ ವ್ರತವೂ ಇಲ್ಲ. ನಮ್ಮ ವ್ರತವನ್ನು ಅದರ ಮೇಲೆ ಹೇರಿ, ಬಾಗಿಲನ್ನೂ ಹಾಕಿಕೊಂಡರೆ, ಅದರಿಂದ ಪುಣ್ಯ ಬರುವುದೆಂದು ನಮಗೆ ತೋರುವುದಿಲ್ಲ. ಹಿಂಸೆ ಬೇಡವೆಂದು ಕೈ ತೊಳೆದುಕೊಂಡ ಮನೆಯಲ್ಲಿಯೇ ಒಂದು ಜೀವ ಕಣ್ಣು ಕಳೆದುಕೊಂಡರೆ, ಅದು ಯಾವ ಲೆಕ್ಕಕ್ಕೆ ಸೇರುತ್ತದೆ?

ದಾರಿಗಳಿಲ್ಲದೆ ಇಲ್ಲ. ಬೆಕ್ಕಿಗಾಗಿಯೇ ತಯಾರಾದ ಒಣ ಆಹಾರದ ಪೊಟ್ಟಣಗಳು ಈಗ ಕುಂಬಳೆ, ಬದಿಯಡ್ಕದಂಥ ಸಣ್ಣ ಪೇಟೆಗಳಿಗೂ ಬಂದಿವೆ. ಅದರಲ್ಲಿ ಪ್ರಾಣಿಜನ್ಯ ವಸ್ತುಗಳಿರುತ್ತವೆ, ಸರಿ. ಆದರೆ ಒಲೆಯ ಮೇಲೆ ಏನನ್ನೂ ಬೇಯಿಸಬೇಕಾಗಿಲ್ಲ, ಅಡುಗೆಮನೆಗೆ ತರಬೇಕಾಗಿಯೂ ಇಲ್ಲ. ಕೊಟ್ಟಿಗೆಯ ಬದಿಯಲ್ಲೋ ಅಂಗಳದ ಮೂಲೆಯಲ್ಲೋ ಬೇರೆ ತಟ್ಟೆ ಇಟ್ಟರಾಯಿತು. ಕೊಳ್ಳುವಾಗ ಅದು ಪೂರ್ಣಾಹಾರವೆಂದು ಬರೆದಿದೆಯೇ, ಟಾರಿನ್ನಿನ ಹೆಸರಿದೆಯೇ ಎಂದು ನೋಡಬೇಕು. ನಾಯಿಯ ಪೊಟ್ಟಣ ಬೆಕ್ಕಿಗೆ ಸಲ್ಲದು. ಒಣ ಆಹಾರ ತಿನ್ನುವ ಬೆಕ್ಕಿಗೆ ನೀರು ಹೆಚ್ಚು ಬೇಕು. ಗಂಡುಬೆಕ್ಕು ಮೂತ್ರಕ್ಕೆಂದು ಮತ್ತೆ ಮತ್ತೆ ಕುಳಿತು ತಿಣುಕಿದರೆ ಮರುದಿನದವರೆಗೆ ಕಾಯದೆ ಮೃಗಾಸ್ಪತ್ರೆಗೆ ಒಯ್ಯಬೇಕು. ಮೂತ್ರ ಕಟ್ಟಿದರೆ ಪ್ರಾಣಕ್ಕೇ ಸಂಚಕಾರ. ಪೊಟ್ಟಣವೂ ಒಲ್ಲದವರು ಮೀನು ತಿನ್ನುವ ನೆರೆಮನೆಯವರೊಡನೆ ಒಂದು ಮಾತಾಡಿಕೊಳ್ಳಬಹುದು. ಬೇಲಿಯಾಚೆಯ ತುಳುವರ ಅಕ್ಕನೋ ಬ್ಯಾರಿಗಳ ಮನೆಯ ಅಮ್ಮನೋ ಮಸಾಲೆಯಿಲ್ಲದ ಎರಡು ತುಂಡು ಮೀನನ್ನು ಎತ್ತಿಡಲಾರೆನೆಂದು ಹೇಳುವವರಲ್ಲ. ಇದು ಯಾವುದೂ ಆಗದೆಂದು ಕಂಡರೆ, ಬೆಕ್ಕಿನ ಮರಿಯನ್ನು ಮನೆಗೆ ತಾರದಿರುವುದೇ ಅದಕ್ಕೆ ಮಾಡುವ ಉಪಕಾರ.

ಆಹಾರವನ್ನು ಬದಲಿಸುವವರು ಒಂದೇ ದಿನ ಬದಲಿಸಬಾರದು. ಹಳೆಯದರಲ್ಲಿ ಹೊಸದನ್ನು ಸ್ವಲ್ಪ ಸ್ವಲ್ಪ ಬೆರೆಸುತ್ತ ಏಳು ಹತ್ತು ದಿನಗಳಲ್ಲಿ ಪೂರ್ತಿ ಮಾಡಬೇಕು. ‘ಹಸಿದರೆ ತಾನೇ ತಿನ್ನುತ್ತದೆ’ ಎಂಬ ಹಟ ಬೆಕ್ಕಿನೊಡನೆ ನಡೆಯದು. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿನ, ಅದರಲ್ಲಿಯೂ ದಪ್ಪ ಬೆಕ್ಕಿನ, ಪಿತ್ತಕೋಶದಲ್ಲಿ ಕೊಬ್ಬು ತುಂಬಿ ಅದು ಕಾಮಾಲೆಗೆ ತುತ್ತಾಗುತ್ತದೆ. ಒಂದು ದಿನ ಊಟ ಬಿಟ್ಟುದನ್ನೇ ಎಚ್ಚರಿಕೆಯೆಂದು ತಿಳಿಯಬೇಕು.

ವರುಷಗಟ್ಟಲೆ ಹಾಲನ್ನದಲ್ಲಿಯೇ ಬೆಳೆದ ಬೆಕ್ಕು ನಿಮ್ಮ ಮನೆಯಲ್ಲಿದ್ದರೆ, ಇಂದು ಸಂಜೆ ದೀಪದ ಬೆಳಕಿನಲ್ಲಿ ಅದರ ಕಣ್ಣನ್ನೊಮ್ಮೆ ನೋಡಿರಿ. ಬೆಳಕಿಗೆ ಪಾಪೆ ಕಿರಿದಾಗದೆ ಅಗಲವಾಗಿಯೇ ಉಳಿದರೆ, ಎಸೆದ ನೂಲಿನುಂಡೆಯನ್ನು ಕಣ್ಣು ಹಿಂಬಾಲಿಸದಿದ್ದರೆ, ಜಿಗಿಯುವ ಮೊದಲು ಅದು ಅಳೆದು ಅಳೆದು ಅನುಮಾನಿಸಿದರೆ, ತಡಮಾಡದೆ ಪಶುವೈದ್ಯರಿಗೆ ತೋರಿಸಿರಿ. ಉಳಿದ ದೃಷ್ಟಿಯನ್ನಾದರೂ ಉಳಿಸಿಕೊಳ್ಳುವುದಕ್ಕೆ ಆಗ ದಾರಿಯಿರುತ್ತದೆ. ಎಲ್ಲವೂ ಸರಿಯಿದ್ದರೆ ಸಂತೋಷ. ನಾಳೆ ಮೀನಿನವನು ಬಂದಾಗ ನಾಲ್ಕು ಬಂಗುಡೆ ಕೊಂಡುಕೊಳ್ಳುವವರು ಐದನ್ನು ಕೊಂಡುಕೊಳ್ಳಿರಿ, ಮಸಾಲೆ ಅರೆಯುವ ಮೊದಲು ಅದರ ಪಾಲನ್ನು ಬೇಯಿಸಲು ಇಟ್ಟುಬಿಡಿರಿ.